ಇದು ಬಿಲ್ ಅಲ್ಲ

ನಮ್ಮ ಮಾವನವರು ಖಜಾನೆ ಇಲಾಖೆಯಲ್ಲಿ ಮೂವತ್ತೆರಡು ವರ್ಷ ಕೆಲಸ ಮಾಡಿ ನಿವೃತ್ತರಾದವರು. ಕಾಗದವನ್ನು ಎಸೆಯುವವರಲ್ಲ. ಹಾಸನದ ಮನೆಯ ಅಟ್ಟದಲ್ಲಿ ನನ್ನ ಗಂಡನ ಎರಡನೆಯ ತರಗತಿಯ ಶುಲ್ಕದ ರಸೀದಿ ಈಗಲೂ ದಾರದಲ್ಲಿ ಕಟ್ಟಿಟ್ಟಂತೆ ಇದೆ. ಅಂಥವರು ನ್ಯೂಜೆರ್ಸಿಯ ನಮ್ಮ ಮನೆಯಲ್ಲಿ ಒಂದು ಬಗೆಯ ಕಾಗದವನ್ನು ಮಾತ್ರ ಲಕೋಟೆ ಬಿಡಿಸಿ, ಮೇಲಿನ ಸಾಲು ಓದಿ, ನೇರವಾಗಿ ರದ್ದಿ ಡಬ್ಬಿಗೆ ಹಾಕುತ್ತಿದ್ದರು. 2023ರ ಅಕ್ಟೋಬರಿನ ಒಂದು ಶನಿವಾರ ರದ್ದಿಯನ್ನು ಹೊರಗಿಡಲು ಹೋದ ನನ್ನ ಕೈಗೆ ಅದು ಸಿಕ್ಕಿತು. ಮೆಡಿಕೇರ್‌ನಿಂದ ಬಂದ ಪತ್ರ. ದಪ್ಪ ಅಕ್ಷರದಲ್ಲಿ ‘ಇದು ಬಿಲ್ ಅಲ್ಲ’ ಎಂದು ಇಂಗ್ಲಿಷಿನಲ್ಲಿ ಮುದ್ರಿಸಿತ್ತು.

“ಮಾವ, ಇದನ್ನು ಯಾಕೆ ಎಸೆದಿರಿ?” ಎಂದು ಕೇಳಿದೆ.

“ಬಿಲ್ ಅಲ್ಲ ಎಂದು ಅವರೇ ಬರೆದಿದ್ದಾರಲ್ಲಮ್ಮ. ಬಿಲ್ ಅಲ್ಲದ್ದನ್ನು ಬಿಲ್ಲಿನ ಫೈಲಿಗೆ ಹಾಕಲು ಬರುತ್ತದೆಯೇ?”

ತರ್ಕದಲ್ಲಿ ದೋಷ ಹುಡುಕುವುದು ಕಷ್ಟ. ಆದರೆ ಒಳಗಿನ ಪುಟದಲ್ಲಿದ್ದ ಒಂದು ಸಾಲು ನನ್ನ ಕಣ್ಣಿಗೆ ಬಿದ್ದಿತ್ತು: ಕ್ಯಾಥೆಟರ್, ಸಂಖ್ಯೆ 200.

ಇಲ್ಲಿ ಸ್ವಲ್ಪ ಹಿನ್ನೆಲೆ ಹೇಳಬೇಕು. ಮೆಡಿಕೇರ್ ಎಂದರೆ ಅಮೆರಿಕದಲ್ಲಿ ಮುಖ್ಯವಾಗಿ 65 ದಾಟಿದವರಿಗಾಗಿ 1965ರಲ್ಲಿ ಕಾನೂನಾಗಿ ಬಂದ ಸರ್ಕಾರಿ ಆರೋಗ್ಯ ವಿಮೆ. ಇಲ್ಲಿ ಹತ್ತು ವರ್ಷ ದುಡಿದು ತೆರಿಗೆ ಕಟ್ಟಿದವರಿಗೆ ಆಸ್ಪತ್ರೆಯ ಭಾಗವಾದ ಪಾರ್ಟ್ ಎ ಕಂತಿಲ್ಲದೆ ದೊರೆಯುತ್ತದೆ. ಮಕ್ಕಳ ಹಿಂದೆ ಬಂದ ನಮ್ಮಂಥವರ ತಂದೆತಾಯಿ ಗ್ರೀನ್ ಕಾರ್ಡ್ ಪಡೆದು ಐದು ವರ್ಷ ಸತತವಾಗಿ ಇಲ್ಲಿ ನೆಲೆಸಿದ ಮೇಲೆ ಅದನ್ನು ಹಣ ಕೊಟ್ಟು ಕೊಳ್ಳಬಹುದು. ಆ ವರ್ಷ ಒಬ್ಬರಿಗೆ ತಿಂಗಳಿಗೆ ಪಾರ್ಟ್ ಎಗೆ 506 ಡಾಲರ್, ವೈದ್ಯರು, ಉಪಕರಣಗಳ ಭಾಗವಾದ ಪಾರ್ಟ್ ಬಿಗೆ 164.90. ಇಬ್ಬರಿಗೂ ಸೇರಿ 1,341.80. ಈ ಎಂಬತ್ತು ಸೆಂಟಿನ ಲೆಕ್ಕವೂ ಮಾವನವರಿಗೆ ಬಾಯಿಪಾಠ. ಮಗ ತಮಗಾಗಿ ಇಷ್ಟು ಕಟ್ಟುತ್ತಿದ್ದಾನೆ ಎಂಬ ಸಂಕೋಚ ಅವರಿಗೆ ಯಾವಾಗಲೂ ಇತ್ತು. ಆ ಸಂಕೋಚಕ್ಕೂ ಮುಂದೆ ನಡೆದದ್ದಕ್ಕೂ ಸಂಬಂಧವಿದೆ ಎಂದು ನನಗೆ ತಡವಾಗಿ ಹೊಳೆಯಿತು.

ಮೆಡಿಕೇರ್ ಕೆಲವು ತಿಂಗಳಿಗೊಮ್ಮೆ ಕಳಿಸುವ ಈ ಪತ್ರ ಒಂದು ವಿವರಪಟ್ಟಿ. ನಿಮ್ಮ ಹೆಸರಿನಲ್ಲಿ ಯಾರು, ಯಾವ ದಿನ, ಏನು ಕೊಟ್ಟೆವೆಂದು ಹೇಳಿಕೊಂಡು ಎಷ್ಟು ಹಣ ಕೇಳಿದರು, ಮೆಡಿಕೇರ್ ಎಷ್ಟು ಕೊಟ್ಟಿತು ಎಂಬುದು ಅದರಲ್ಲಿರುತ್ತದೆ. ಆಸ್ಪತ್ರೆಗೆ ಒಂದು, ವೈದ್ಯರಿಗೆ ಒಂದು, ಗಾಲಿಕುರ್ಚಿ, ಆಮ್ಲಜನಕದ ಯಂತ್ರದಂಥ ಉಪಕರಣಗಳಿಗೆ ಇನ್ನೊಂದು ಎಂದು ಬೇರೆ ಬೇರೆ ಬರುತ್ತದೆ. ನನ್ನ ಕೈಯಲ್ಲಿದ್ದದ್ದು ಈ ಮೂರನೆಯದು. ಮಾವನವರು ಯಾವ ಉಪಕರಣವನ್ನೂ ತೆಗೆದುಕೊಂಡವರಲ್ಲ. ಪತ್ರದ ಪ್ರಕಾರ ಅವರಿಗೆ ಎರಡು ಮೊಣಕಾಲಿನ ಪಟ್ಟಿ, ಒಂದು ಸೊಂಟದ ಪಟ್ಟಿ ಸಂದಿದ್ದವು. ಅದರ ಕೆಳಗೆ ಬೇರೊಂದು ಕಂಪನಿಯ ಹೆಸರಿನಲ್ಲಿ ಜುಲೈ ತಿಂಗಳಿಗೆ 200 ಕ್ಯಾಥೆಟರ್, ಆಗಸ್ಟ್ ತಿಂಗಳಿಗೆ ಮತ್ತೆ 200. ತಿಂಗಳೊಂದಕ್ಕೆ ಮೆಡಿಕೇರ್ ಕೊಟ್ಟ ಹಣ ಸಾವಿರ ಡಾಲರಿಗೂ ಮೇಲೆ. ಬರೆದುಕೊಟ್ಟ ವೈದ್ಯರ ಹೆಸರನ್ನು ನಮ್ಮಲ್ಲಿ ಯಾರೂ ಕೇಳಿರಲಿಲ್ಲ. ಕಂಪನಿ ಇದ್ದದ್ದು ನಾವು ವಿಮಾನದಿಂದಲೂ ನೋಡದ ರಾಜ್ಯದಲ್ಲಿ.

ಕ್ಯಾಥೆಟರ್ ಎಂದರೆ ಏನೆಂದು ಸೊಸೆಯಾದವಳು ಮಾವನಿಗೆ ಬಿಡಿಸಿ ಹೇಳುವುದು ಹೇಗೆ? ಮೂತ್ರ ಕಟ್ಟಿದವರಿಗೆ ಹಾಕುವ ನಳಿಕೆ ಎಂದು ಗೋಡೆ ನೋಡಿಕೊಂಡು ಹೇಳಿದೆ. ಅವರು ಕಾಗದವನ್ನು ಮಗುಚಿ ಮೇಜಿನ ಮೇಲಿಟ್ಟರು. ಅತ್ತೆ ಅಡುಗೆಮನೆಯಿಂದಲೇ, “ನಲವತ್ತಾರು ವರ್ಷ ಸಂಸಾರ ಮಾಡಿದ್ದೇನೆ, ನನಗೆ ತಿಳಿಯದ ಕಾಯಿಲೆ ನಿಮಗೆ ಯಾವಾಗ ಬಂತು?” ಎಂದರು. ನಕ್ಕದ್ದು ನಾನೊಬ್ಬಳೇ. ಮಾವನವರ ಮುಖದಲ್ಲಿ ನಗು ಇರಲಿಲ್ಲ. ಅಂದು ಸಂಜೆ ಚಪ್ಪಲಿ ಗೂಡಿನ ಹಿಂದೆ ಬೂಟು ಹುಡುಕುತ್ತಿದ್ದ ನನ್ನ ಮಗಳು ಒಂದು ರಟ್ಟಿನ ಪೆಟ್ಟಿಗೆಯನ್ನು ಎಳೆದು ತಂದಳು. ಅದರೊಳಗೆ ಪ್ಲಾಸ್ಟಿಕ್ ಚೀಲವನ್ನೂ ಬಿಚ್ಚದ ಮೊಣಕಾಲಿನ ಪಟ್ಟಿಗಳು ಎರಡು, ಸೊಂಟದ ಪಟ್ಟಿ ಒಂದು. ಮಾವನವರು ಮಹಡಿಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಆ ರಾತ್ರಿ ನಾನು ಅವರನ್ನು ಏನೂ ಕೇಳಲಿಲ್ಲ. ಅದು ನನ್ನ ಜಾಣತನವಲ್ಲ, ಹೇಗೆ ಕೇಳಬೇಕೆಂದು ತಿಳಿಯದೆ ಸುಮ್ಮನಿದ್ದೆ.

ಸೋಮವಾರ ಫೋನ್ ಹಿಡಿದು ಕುಳಿತೆವು. ಅನುಮಾನ ಬಂದರೆ ಹಣ ಕೇಳಿದವರನ್ನೇ ಮೊದಲು ವಿಚಾರಿಸಿ ಎಂಬುದು ವಾಡಿಕೆಯ ಸಲಹೆ. ಅದರಲ್ಲಿ ಅರ್ಥವಿದೆ, ಎಷ್ಟೋ ಸಲ ಅದು ಬರೆಯುವವರ ಕೈತಪ್ಪಷ್ಟೇ ಆಗಿರುತ್ತದೆ. ಕ್ಯಾಥೆಟರ್ ಕಂಪನಿಯ ಸಂಖ್ಯೆ ಸುಮ್ಮನೆ ರಿಂಗಾಗಿ, ಸಂದೇಶದ ಪೆಟ್ಟಿಗೆ ತುಂಬಿದೆ ಎಂದು ಹೇಳಿ ಕಡಿದುಹೋಯಿತು. ಮೂರು ಸಲವೂ ಅದೇ ಕಥೆ. ನಮ್ಮ ಕುಟುಂಬ ವೈದ್ಯರ ಕಚೇರಿಯವರು ಕಡತ ನೋಡಿ, ತಾವು ಪಟ್ಟಿಯನ್ನಾಗಲಿ ನಳಿಕೆಯನ್ನಾಗಲಿ ಬರೆದುಕೊಟ್ಟಿಲ್ಲ ಎಂದರು. ಆಮೇಲೆ ಮೆಡಿಕೇರ್‌ನ ಸಹಾಯವಾಣಿ, 1-800-633-4227.

ಅಲ್ಲಿ ನನ್ನ ಮಾತು ನಡೆಯಲಿಲ್ಲ, ನಡೆಯಲೂಬಾರದು. ಕಾರ್ಡು ಯಾರದ್ದೋ ಅವರೇ ಮಾತಾಡಿ, ತಮ್ಮ ಗುರುತು ಹೇಳಿ, ‘ನನ್ನ ಸೊಸೆ ನನ್ನ ಪರವಾಗಿ ಮಾತಾಡಲು ಒಪ್ಪಿಗೆ ಇದೆ’ ಎಂದು ಹೇಳಬೇಕು. ಪ್ರತಿ ಸಲ ಹೀಗೆ ಹೇಳುವುದು ಬೇಡವೆಂದರೆ ಲಿಖಿತ ಒಪ್ಪಿಗೆಯ ನಮೂನೆಯೊಂದನ್ನು ತುಂಬಿ ಕಳಿಸಬಹುದು, ನಾವು ಆಮೇಲೆ ಕಳಿಸಿದೆವು. ಇಂಗ್ಲಿಷ್ ಬಾರದವರು ದುಭಾಷಿಯನ್ನು ಕೇಳಬಹುದು, ಅದಕ್ಕೆ ಹಣವಿಲ್ಲ. ಮಾವನವರು ಕಾರ್ಡಿನ ಹನ್ನೊಂದು ಅಕ್ಷರಗಳನ್ನು ಓದುವಾಗ ಒಂದು ಕಡೆ ‘ಓ’ ಎಂದರು. ಆ ಕಡೆಯ ಹೆಣ್ಣುಮಗಳು, “ಅದು ಸೊನ್ನೆ ಇರಬೇಕು ಸರ್, ಈ ಸಂಖ್ಯೆಯಲ್ಲಿ ಓ ಎಂಬ ಅಕ್ಷರ ಬರುವುದೇ ಇಲ್ಲ” ಎಂದಳು. ಎಸ್, ಎಲ್, ಓ, ಐ, ಬಿ, ಝಡ್ ಈ ಆರನ್ನು ಅಂಕಿಗಳೊಂದಿಗೆ ಗೊಂದಲವಾಗದಿರಲೆಂದು ಬಿಟ್ಟಿದ್ದಾರಂತೆ. 2018ಕ್ಕೆ ಮೊದಲು ಕಾರ್ಡಿನ ಮೇಲೆ, ಇಲ್ಲಿ ಬ್ಯಾಂಕು, ತೆರಿಗೆ ಎಲ್ಲಕ್ಕೂ ಗುರುತಾಗಿ ಬಳಸುವ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯೇ ಇರುತ್ತಿತ್ತು. ಕಳ್ಳರಿಗೆ ಒಂದೇ ಬೀಗದ ಕೈಯಲ್ಲಿ ಎರಡು ಮನೆ. ಅದನ್ನು ತಪ್ಪಿಸಲೆಂದೇ ಈ ಹೊಸ ಸಂಖ್ಯೆ ತಂದದ್ದು. ಅಕ್ಷರ ಬಿಟ್ಟ ಸಂಗತಿ ಮಾವನವರಿಗೆ ಬಹಳ ಹಿಡಿಸಿತು. ಎರಡು ದಿನಗಳಲ್ಲಿ ಅವರು ಮೊದಲ ಸಲ ನೆಟ್ಟಗೆ ಕುಳಿತದ್ದು ಆಗಲೇ. “ಚೆಕ್ಕಿನ ಮೇಲೆ ನಾವೂ ಏಳನ್ನು ಹೀಗೇ ಅಡ್ಡಗೆರೆ ಹಾಕಿ ಬರೆಯುತ್ತಿದ್ದೆವು” ಎಂದರು.

ಸಹಾಯವಾಣಿಯವರು ದೂರು ಬರೆದುಕೊಂಡರು. ಜೊತೆಗೆ ಇನ್ನೊಂದು ಹೆಸರನ್ನೂ ನಾನು ಅಂತರ್ಜಾಲದಲ್ಲಿ ಕಂಡುಕೊಂಡಿದ್ದೆ: ಸೀನಿಯರ್ ಮೆಡಿಕೇರ್ ಪ್ಯಾಟ್ರೋಲ್. ಹೆಸರು ಕೇಳಿದರೆ ಲಾಠಿ ಹಿಡಿದ ಅಜ್ಜಂದಿರ ಗಸ್ತು ಎನಿಸುತ್ತದೆ. ವಾಸ್ತವವೂ ತೀರ ದೂರವಿಲ್ಲ. ನಿವೃತ್ತರಾದ ಲೆಕ್ಕಿಗರು, ದಾದಿಯರು, ಶಿಕ್ಷಕರು ತಮ್ಮ ವಯಸ್ಸಿನವರಿಗೇ ಈ ಮೋಸಗಳನ್ನು ಗುರುತಿಸಲು ಕಲಿಸಲಿ ಎಂಬ ಆಲೋಚನೆಯಿಂದ 1997ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ಪ್ರಯೋಗವಾಗಿ ಶುರುವಾಯಿತು. ಈಗ ಎಲ್ಲ ಐವತ್ತು ರಾಜ್ಯಗಳಲ್ಲೂ ಇದೆ. ಹಣ ಕೇಂದ್ರ ಸರ್ಕಾರದ್ದು, ಸೇವೆಗೆ ಶುಲ್ಕವಿಲ್ಲ. 877-808-2468ಕ್ಕೆ ಕರೆ ಮಾಡಿದರೆ ನಮ್ಮ ರಾಜ್ಯದ ಕಚೇರಿಗೆ ದಾರಿ ತೋರಿಸುತ್ತಾರೆ.

ನಮಗೆ ಸಿಕ್ಕ ಸ್ವಯಂಸೇವಕಿಯ ದನಿಯಲ್ಲಿ ಎಪ್ಪತ್ತರ ಆಸುಪಾಸು ಕೇಳಿಸುತ್ತಿತ್ತು. ಆಕೆ ‘ನಂಬರ್ ಯಾಕೆ ಕೊಟ್ಟಿರಿ’ ಎಂದು ಕೇಳಲಿಲ್ಲ. “ಅವರು ಫೋನಿನಲ್ಲಿ ಹೇಗೆ ಮಾತು ಶುರು ಮಾಡಿದರು? ಅದೇ ಮಾತನ್ನು ಬೇರೆಯವರಿಗೂ ಹೇಳುತ್ತಿರುತ್ತಾರೆ, ನಿಮ್ಮಿಂದ ನಮಗೆ ಉಪಯೋಗವಾಗುತ್ತದೆ” ಎಂದಳು. ನಾನು ಎರಡು ದಿನ ಹುಡುಕಿಯೂ ಸಿಗದ ಪ್ರಶ್ನೆ ಅದು.

ಮಾವನವರು ಸ್ಪೀಕರಿನ ಕಡೆ ಬಾಗಿ, ನಿಧಾನ ಇಂಗ್ಲಿಷಿನಲ್ಲಿ, ಹೇಳಿಕೆ ಬರೆಸುವವರಂತೆ ಹೇಳತೊಡಗಿದರು. ಜೂನ್ ತಿಂಗಳು. ಮಧ್ಯಾಹ್ನ ಎರಡು ಗಂಟೆ. ನಾವೆಲ್ಲ ಕೆಲಸಕ್ಕೆ ಹೋಗಿದ್ದೆವು, ಅತ್ತೆ ಮಲಗಿದ್ದರು. ಮೆಡಿಕೇರ್ ಪರವಾಗಿ ಮಾತಾಡುತ್ತಿದ್ದೇನೆ ಎಂದು ಒಬ್ಬಳು ಹುಡುಗಿ ಕರೆ ಮಾಡಿದ್ದಳು. ಬೆನ್ನು ನೋವಿದೆಯೇ, ಮೆಟ್ಟಿಲು ಹತ್ತುವಾಗ ಮೊಣಕಾಲು ಹಿಡಿಯುತ್ತದೆಯೇ, ರಾತ್ರಿ ನಿದ್ದೆ ಬರುತ್ತದೆಯೇ ಎಂದೆಲ್ಲ ಕೇಳಿದ್ದಳು. ಇಪ್ಪತ್ತು ನಿಮಿಷ. ಕೊನೆಗೆ, ನಿಮ್ಮ ವಿಮೆಯಲ್ಲಿ ಇದೆಲ್ಲ ಉಚಿತ, ಕಾರ್ಡಿನ ಸಂಖ್ಯೆ ಹೇಳಿದರೆ ಸಾಕು ಎಂದಿದ್ದಳು. ಮಗ ಅಷ್ಟು ಹಣ ಕಟ್ಟುತ್ತಿದ್ದಾನಲ್ಲ, ಅದರಿಂದ ಏನಾದರೂ ವಾಪಸು ಬರಲಿ ಎಂದು ಇವರಿಗೆ ಅನಿಸಿತ್ತು. ಪೆಟ್ಟಿಗೆ ಬಂದ ದಿನವೇ ಏನೋ ಸರಿಯಿಲ್ಲ ಎಂದು ಗೊತ್ತಾಗಿತ್ತು. “ಮೂವತ್ತೆರಡು ವರ್ಷ ಖಜಾನೆಯಲ್ಲಿದ್ದವನು ಹೀಗೆ ಮೋಸ ಹೋದೆ ಎಂದು ಮಗನಿಗೆ ಹೇಳುವುದು ಹೇಗೆ?” ಎಂದು ಈ ಒಂದು ವಾಕ್ಯವನ್ನು ಮಾತ್ರ ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು. ಸ್ವಲ್ಪ ತಡೆದು, “ಬೆನ್ನಿನ ವಿಷಯ ಅಷ್ಟು ಹೊತ್ತು ಯಾರೂ ಕೇಳಿರಲಿಲ್ಲ” ಎಂದರು.

ಅದು ನನಗೇ ಹೇಳಿದ ಮಾತೆಂದು ನಾನು ತೆಗೆದುಕೊಂಡಿದ್ದೇನೆ.

ಮುಂದಿನದು ಬಹುಮಟ್ಟಿಗೆ ಕಾಗದಪತ್ರದ ಕೆಲಸ. ಮೆಡಿಕೇರ್ ಯಾರಿಗೂ ತಾನಾಗಿ ಕರೆ ಮಾಡಿ ಸಂಖ್ಯೆ ಕೇಳುವುದಿಲ್ಲ, ವಸ್ತು ಮಾರುವುದಿಲ್ಲ ಎಂದು ಸ್ವಯಂಸೇವಕಿ ಎರಡು ಸಲ ಹೇಳಿದಳು. ಕಾಗದದ ಕಾರ್ಡಿನ ಬದಲು ಪ್ಲಾಸ್ಟಿಕ್ ಕಾರ್ಡು ಕೊಡುತ್ತೇವೆ ಎನ್ನುವವರು ಕಳ್ಳರು, ಏಕೆಂದರೆ ಅಸಲಿ ಕಾರ್ಡು ಕಾಗದದ್ದೇ. ಕ್ಯಾಥೆಟರಿನವರಿಗೂ ಸಂಖ್ಯೆ ಆ ಹುಡುಗಿಯಿಂದಲೇ ಹೋಯಿತೆಂದು ಖಚಿತವಾಗಿ ಹೇಳಲಾಗದು, ಇಂಥ ಸಂಖ್ಯೆಗಳ ಪಟ್ಟಿಗಳೇ ಕೈಯಿಂದ ಕೈಗೆ ಮಾರಾಟವಾಗುತ್ತವೆ ಎಂದಳು. ಪೆಟ್ಟಿಗೆಯ ಮೇಲಿನ ವಿಳಾಸ, ದಿನಾಂಕ ಬರೆದುಕೊಳ್ಳಲು ಹೇಳಿದಳು. ಮುಂದೆ ಬಂದರೆ ಬಾಗಿಲಲ್ಲೇ ನಿರಾಕರಿಸಬೇಕು. ಇಂಥ ಅಕ್ರಮಗಳನ್ನು ತನಿಖೆ ಮಾಡುವ, ಕೇಂದ್ರ ಆರೋಗ್ಯ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಕಚೇರಿಗೆ ಹೋಗುವ ದೂರನ್ನು ಸಿದ್ಧಪಡಿಸಲು ಆಕೆಯೇ ನೆರವಾದಳು. ಮಾವನವರ ಹಳೆಯ ಸಂಖ್ಯೆ ರದ್ದಾಗಿ ಹೊಸದು ಬಂತು. ಹೊಸ ಸಂಖ್ಯೆಯನ್ನು ಕಣ್ಣಿನವರು, ಹಲ್ಲಿನ ಶಸ್ತ್ರಚಿಕಿತ್ಸಕರು, ಔಷಧದಂಗಡಿ, ಪೂರಕ ವಿಮೆಯವರು ಎಲ್ಲರಿಗೂ ತಿಳಿಸುವುದರಲ್ಲಿ ನವೆಂಬರ್ ಕಳೆಯಿತು. ಬೇಸರದ ಕೆಲಸ, ಅಷ್ಟೇ.

ಆದರೆ ಒಂದು ವಿಷಯ ನನ್ನನ್ನು ಬೆಚ್ಚಿಸಿತು. ನಾವು ಇದುವರೆಗೆ ‘ಹೋದದ್ದು ಸರ್ಕಾರದ ಹಣ’ ಎಂದುಕೊಂಡಿದ್ದೆವು. ಬಿಲ್ಲಿನಲ್ಲಿ ನಮ್ಮ ಪಾಲಿಗೆ ಬರುವ ಶೇ 20ರಷ್ಟು ಪೂರಕ ವಿಮೆಯಿಂದ ತಾನಾಗಿ ಸಂದಾಯವಾಗುವುದರಿಂದ ನಮ್ಮ ಕೈಯಿಂದ ಒಂದು ಡಾಲರೂ ಹೋಗಿರಲಿಲ್ಲ. ಆದರೆ ಇಂಥ ಉಪಕರಣಕ್ಕೆ ಮೆಡಿಕೇರ್ ಇಂತಿಷ್ಟು ಕಾಲದ ಆಯಸ್ಸು ಎಂದು ಹಿಡಿಯುತ್ತದೆ. ನಾಳೆ ಮಾವನವರು ಜಾರಿ ಬಿದ್ದು ನಿಜವಾಗಿಯೂ ಮೊಣಕಾಲಿಗೆ ಪಟ್ಟಿ ಬೇಕಾದರೆ, ‘ಈಗಾಗಲೇ ಕೊಟ್ಟಿದ್ದೇವಲ್ಲ’ ಎಂಬ ಉತ್ತರ ಬರಬಹುದು. ಇದಕ್ಕಿಂತ ಕೆಟ್ಟದ್ದೂ ಇದೆ ಎಂದು ಆ ಸ್ವಯಂಸೇವಕಿ ಹೇಳಿದಳು. ಹಾಸ್ಪಿಸ್ ಎಂದರೆ ಬದುಕು ಇನ್ನು ಆರು ತಿಂಗಳಿನಷ್ಟೇ ಎಂದು ವೈದ್ಯರು ಅಂದಾಜಿಸಿದವರ ಆರೈಕೆ. ಮನೆಗೆಲಸಕ್ಕೆ ಉಚಿತವಾಗಿ ಜನ ಕಳಿಸುತ್ತೇವೆ ಎಂದು ಸಹಿ ಹಾಕಿಸಿಕೊಂಡು, ಗಟ್ಟಿಮುಟ್ಟಾಗಿರುವವರನ್ನು ಅದಕ್ಕೆ ಸೇರಿಸಿಬಿಡುವವರಿದ್ದಾರೆ. ಹಾಸ್ಪಿಸ್‌ಗೆ ಸೇರಿದವರು ಆ ಕಾಯಿಲೆಯನ್ನು ಗುಣಪಡಿಸುವ ಚಿಕಿತ್ಸೆಗೆ ಮೆಡಿಕೇರ್‌ನ ನೆರವನ್ನು ಬಿಟ್ಟುಕೊಟ್ಟಂತೆ. ಬದುಕಿರುವವರನ್ನು ಕಡತದಲ್ಲಿ ಸಾವಿನ ಬಾಗಿಲಿಗೆ ತಂದು ನಿಲ್ಲಿಸುವ ದಂಧೆ.

2024ರ ಫೆಬ್ರುವರಿಯಲ್ಲಿ ಸುದ್ದಿ ಬಂತು. ಹಿಂದಿನ ವರ್ಷಗಳಲ್ಲಿ ಸುಮಾರು 50,000 ಜನರ ಹೆಸರಿನಲ್ಲಿ ಕ್ಯಾಥೆಟರ್ ಬಿಲ್ ಬರುತ್ತಿದ್ದದ್ದು 2023ರಲ್ಲಿ 4,50,000 ದಾಟಿತ್ತು. ಮೊತ್ತ 200 ಕೋಟಿ ಡಾಲರಿಗೂ ಹೆಚ್ಚು, ಅದರ ಹಿಂದೆ ಕಂಡದ್ದು ಏಳೇ ಏಳು ಕಂಪನಿಗಳು. ಮಾವನವರು ಪತ್ರಿಕೆಯ ಆ ಪುಟವನ್ನು ಕತ್ತರಿಸಿ ಫೈಲಿಗೆ ಹಾಕಿದರು. ಹೌದು, ಆ ಹೊತ್ತಿಗೆ ಫೈಲ್ ಬಂದಿತ್ತು, ರಟ್ಟಿನದು, ಬಿಳಿ ಲಾಡಿಯದು, ಊರಿನಿಂದ ತರಿಸಿದ್ದು. 2025ರ ಜೂನ್‌ನಲ್ಲಿ ನ್ಯಾಯಾಂಗ ಇಲಾಖೆ ಪ್ರಕಟಿಸಿದ ‘ಆಪರೇಷನ್ ಗೋಲ್ಡ್ ರಶ್’ ಪ್ರಕರಣದ ಸುದ್ದಿಯೂ ಅದೇ ಫೈಲಿನಲ್ಲಿದೆ: ಹತ್ತು ಲಕ್ಷಕ್ಕೂ ಹೆಚ್ಚು ಜನರ ಕದ್ದ ವಿವರ, ಕ್ಯಾಥೆಟರ್ ಮತ್ತಿತರ ಉಪಕರಣಗಳ ಹೆಸರಿನಲ್ಲಿ 1,060 ಕೋಟಿ ಡಾಲರಿನ ಸುಳ್ಳು ಬಿಲ್ಲುಗಳ ಆರೋಪ. ನಮ್ಮ 400 ನಳಿಕೆಗಳು ಈ ಯಾವ ಲೆಕ್ಕಕ್ಕಾದರೂ ಸೇರಿದವೋ ಇಲ್ಲವೋ ಎಂದು ಯಾರೂ ನಮಗೆ ತಿಳಿಸಲಿಲ್ಲ. ದೂರು ಕೊಟ್ಟವರಿಗೆ ಅಂತ್ಯ ಗೊತ್ತಾಗುವುದು ಅಪರೂಪ.

ಇದರ ನಡುವೆ ನಾನೂ ಸ್ವಯಂಸೇವಕಿಯಾದೆ. ಹಿನ್ನೆಲೆ ಪರಿಶೀಲನೆ, ತರಬೇತಿ, ಗೋಪ್ಯತೆಯ ಒಪ್ಪಂದಕ್ಕೆ ಸಹಿ, ಎಲ್ಲ ಮುಗಿಸಿ ಕನ್ನಡದ ಹಿರಿಯರು ತಿಂಗಳಿಗೊಮ್ಮೆ ಸೇರುವಲ್ಲಿ ಮಾತಾಡಲು ಹೋದೆ. ಮೊದಲ ದಿನ ಸೋತೆ. ಎಷ್ಟು ಕೋಟಿ ಹೋಯಿತು, ಹೇಗೆಲ್ಲ ಮೋಸವಾಗುತ್ತದೆ ಎಂದು ನಲವತ್ತು ಚಿತ್ರಪಟಗಳನ್ನು ತೋರಿಸಿದೆ. 2019ರಲ್ಲಿ ಮೊಣಕಾಲು, ಸೊಂಟಕ್ಕೆ ಕಟ್ಟುವ ಇಂಥದೇ ಪಟ್ಟಿಗಳ ವಿಷಯದಲ್ಲಿ 24 ಜನರ ಮೇಲೆ ಮೊಕದ್ದಮೆ ಹೂಡಿದ್ದರು, ಅದೇ ವರ್ಷ ಕೆನ್ನೆಯೊಳಗಿನಿಂದ ಹತ್ತಿ ಕಡ್ಡಿಯಲ್ಲಿ ಜೊಲ್ಲು ತೆಗೆದು ಮಾಡುವ ಬೇಡದ ವಂಶವಾಹಿ ಪರೀಕ್ಷೆಗಳ ವಿಷಯದಲ್ಲಿ 35 ಜನರ ಮೇಲೆ. ಹಿರಿಯರು ಪರೀಕ್ಷೆಗೆ ಕುಳಿತ ಮಕ್ಕಳಂತೆ ಕೇಳಿಸಿಕೊಂಡರು. ಮುಗಿದ ಮೇಲೆ ಒಬ್ಬರು, “ಹಾಗಾದರೆ ಇನ್ನು ಮೇಲೆ ಫೋನೇ ಎತ್ತಬಾರದೇನಮ್ಮ?” ಎಂದರು. ಎದ್ದು ಹೋಗುವಾಗ ಎಲ್ಲರೂ ಮೊದಲಿಗಿಂತ ಮುದುಕರಾಗಿ ಕಾಣುತ್ತಿದ್ದರು. ಅದು ನಾನು ಮಾಡಿದ ಕೆಲಸ.

ಮುಂದಿನ ತಿಂಗಳು ಮಾವನವರು, “ನಾನು ಬರುತ್ತೇನೆ, ನಡಿ” ಎಂದರು. ಚಿತ್ರಪಟ ಬೇಡವೆಂದರು. ತಮ್ಮದೇ ವಿವರಪಟ್ಟಿಯ ಹೆಸರು, ಸಂಖ್ಯೆಗಳನ್ನು ಮಸಿ ಬಳಿದು ಮುಚ್ಚಿ, ಇಪ್ಪತ್ತು ಪ್ರತಿ ಮಾಡಿಸಿ, ಪ್ರತಿಯೊಬ್ಬರಿಗೂ ಒಂದು ಕೆಂಪು ಪೆನ್ನು ಹಂಚಿದರು. “ಇವತ್ತು ನೀವೆಲ್ಲ ಆಡಿಟರ್‌ಗಳು. ಇದು ನನ್ನ ಲೆಕ್ಕ. ಈ ವ್ಯಕ್ತಿಗೆ ಮೂತ್ರದ ತೊಂದರೆ ಇಲ್ಲ, ಇದನ್ನು ನನ್ನ ಹೆಂಡತಿ ದೃಢಪಡಿಸುತ್ತಾಳೆ. ಎಲ್ಲಿ ಆಕ್ಷೇಪಣೆ ಎತ್ತುತ್ತೀರಿ, ಗುರುತು ಹಾಕಿ” ಎಂದರು. ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಸಭೆ ನಕ್ಕಿತು, ಮತ್ತೆ ಕನ್ನಡಕಗಳು ಹೊರಬಂದವು. ಕೃಷಿ ಇಲಾಖೆಯಲ್ಲಿದ್ದವರು, ಬ್ಯಾಂಕಿನಲ್ಲಿದ್ದವರು, ನಲವತ್ತು ವರ್ಷ ಮನೆಯ ಹಾಲಿನ ಲೆಕ್ಕ ಇಟ್ಟ ಅಜ್ಜಿಯರು ಸಾಲುಸಾಲಾಗಿ ಕೆಂಪು ಗೆರೆ ಎಳೆದರು. ಆ ದಿನಾಂಕದಂದು ನೀವು ಎಲ್ಲಿದ್ದಿರಿ ಎಂದು ಹಾಲಿನ ಲೆಕ್ಕದ ಅಜ್ಜಿಯೊಬ್ಬರು ಪೊಲೀಸರಂತೆ ಕೇಳಿದರು. ಅದಕ್ಕೇ ವೈದ್ಯರ ಬಳಿ ಹೋದ ದಿನವನ್ನೆಲ್ಲ ಪುಸ್ತಕದಲ್ಲಿ ಬರೆದಿಡಬೇಕು ಎಂದು ಮಾವನವರು ಚಿಕ್ಕ ಪುಸ್ತಕ ತೋರಿಸಿದರು. ಸೀನಿಯರ್ ಮೆಡಿಕೇರ್ ಪ್ಯಾಟ್ರೋಲ್‌ನವರು ಉಚಿತವಾಗಿ ಕೊಡುವ ಪುಸ್ತಕ ಅದು. ದಿನಾಂಕ, ವೈದ್ಯರ ಹೆಸರು, ಯಾವ ಪರೀಕ್ಷೆ ಎಂದು ಬರೆದುಕೊಂಡು, ವಿವರಪಟ್ಟಿ ಬಂದಾಗ ತಾಳೆ ನೋಡುವುದು. ಅವರ ಭಾಷೆಯಲ್ಲಿ, ವೋಚರ್ ಇಲ್ಲದ ಖರ್ಚು ಪಾಸಾಗಬಾರದು.

ಕಾಫಿಯ ಹೊತ್ತಿನಲ್ಲಿ ಒಬ್ಬ ಅಜ್ಜಿ ನನ್ನನ್ನು ಪಕ್ಕಕ್ಕೆ ಕರೆದು, ತಮ್ಮ ಮನೆಯಲ್ಲೂ ಮಂಚದ ಕೆಳಗೆ ಒಂದು ಪೆಟ್ಟಿಗೆ ಇದೆ ಎಂದರು. ಮಗನಿಗೆ ಹೇಳಬೇಡ ಎಂದೂ ಹೇಳಿದರು. ಹೇಳಲಿಲ್ಲ, ಒಪ್ಪಿಗೆಯಿಲ್ಲದೆ ಹೇಳುವಂತೆಯೂ ಇಲ್ಲ. ಮೂರು ವಾರದ ನಂತರ ಅವರೇ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಫೋನ್ ಮಾಡಿದರು.

ನಮ್ಮ ಮನೆಯಲ್ಲಿ ಈಗ ಸಮಸ್ಯೆ ತಿರುವುಮುರುವಾಗಿದೆ. ಕಂಡದ್ದೆಲ್ಲ ಮಾವನವರಿಗೆ ಅನುಮಾನ. ಮೊನ್ನೆ ಪತ್ರ ಬಂದಾಗ ಊಟದ ಮೇಜಿನ ಮೇಲೆ ಹರಡಿಕೊಂಡು, “ನೋಡು, ಏಪ್ರಿಲ್ 9, ಎದೆಯ ಎಕ್ಸ್-ರೇ. ನಮ್ಮ ಡಾಕ್ಟರು ಸರಿ. ಈ ಇನ್ನೊಬ್ಬ ಯಾರು? ಇವನ ಮುಖವನ್ನೇ ನಾನು ನೋಡಿಲ್ಲ” ಎಂದರು. ಎಕ್ಸ್-ರೇ ತೆಗೆದ ಮೇಲೆ ಅದನ್ನು ಕತ್ತಲೆ ಕೋಣೆಯಲ್ಲಿ ಕುಳಿತು ಓದಿ ವರದಿ ಬರೆಯುವ ತಜ್ಞರು ಬೇರೆ ಇರುತ್ತಾರೆ, ಅವರ ಬಿಲ್ ಬೇರೆ ಬರುತ್ತದೆ, ಮುಖ ಕಾಣದಿದ್ದರೂ ಅದು ಮೋಸವಲ್ಲ ಎಂದು ವಿವರಿಸಿದೆ. ನಂಬಲಿಲ್ಲ. ವೈದ್ಯರ ಕಚೇರಿಗೆ ಫೋನ್ ಮಾಡಿಸಿ, ಹೆಸರನ್ನು ಅಕ್ಷರ ಅಕ್ಷರವಾಗಿ ಖಚಿತಪಡಿಸಿಕೊಂಡ ಮೇಲೆ ಕೆಂಪು ಪೆನ್ನಿನಿಂದ ಅಂಚಿನಲ್ಲಿ ‘ವಿವರಣೆ ಒಪ್ಪಿದೆ, ಆಕ್ಷೇಪಣೆ ಕೈಬಿಡಲಾಗಿದೆ’ ಎಂದು ಬರೆದು, ಕೆಳಗೆ ಚಿಕ್ಕ ಸಹಿ ಹಾಕಿ, ದಿನಾಂಕ ನಮೂದಿಸಿ, ಫೈಲಿನ ಲಾಡಿ ಬಿಗಿದರು.